ಮಗಳು ಇನ್ನೆಷ್ಟು ವರ್ಷ ಓಡಬಹುದು?

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. 400 ಮೀಟರ್ ಓಡುತ್ತಾಳೆ. ರಾಜ್ಯ ಜೂನಿಯರ್ ಕೂಟದಲ್ಲಿ ಬೆಳ್ಳಿ ಬಂದಿದೆ, ಟೈಮಿಂಗ್ 57.9 ಸೆಕೆಂಡ್. ಆದರೆ ಒಂದೂವರೆ ವರ್ಷದಿಂದ ಟೈಮಿಂಗ್ ಅಲ್ಲೇ ನಿಂತಿದೆ. ‘ಹೆಣ್ಣುಮಕ್ಕಳ ಓಟ 22-23ರವರೆಗೆ ಅಷ್ಟೆ, ಮದುವೆಯಾದ ಮೇಲೆ ಮುಗೀತು, ಅದಕ್ಕೋಸ್ಕರ ಓದು ಹಾಳು ಮಾಡ್ಕೋಬೇಕಾ’ ಅಂತ ಮನೆಯಲ್ಲಿ ಹಿರಿಯರು ಕೇಳುತ್ತಾರೆ. ನಿಜವಾಗಿ ಒಬ್ಬ ಓಟಗಾರ್ತಿಗೆ ಎಷ್ಟು ವರ್ಷ ಸಿಗುತ್ತದೆ ಮೇಡಂ? ಇನ್ನೊಂದು, ಅವಳ ಕೋಚ್ 400 ಮೀಟರ್ ಹರ್ಡಲ್ಸ್‌ಗೆ ಬದಲಾಗು ಅನ್ನುತ್ತಿದ್ದಾರೆ. ಅದು ಸರಿಯೇ?
- ಓದುಗರು, ಹಾಸನ ಜಿಲ್ಲೆ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ದೊಡ್ಡ ಗಾಯ ಆಗದಿದ್ದರೆ 400 ಮೀಟರ್ ಓಡುವ ಹುಡುಗಿಗೆ 32-33ರವರೆಗೂ ದೇಹ ಸಾಥ್ ಕೊಡುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ. ಹಾಗೆ ನೋಡಿದರೆ ನಿಮ್ಮ ಮಗಳ ಮುಂದೆ ಹದಿನೈದು ವರ್ಷ ಇದೆ. ಆದರೆ ನಿಮ್ಮ ಮನೆಯ ಹಿರಿಯರೂ ಸುಮ್ನೆ ಹೇಳುತ್ತಿಲ್ಲ, ಕಂಡದ್ದನ್ನೇ ಹೇಳುತ್ತಿದ್ದಾರೆ. ನಮ್ಮ ಹುಡುಗಿಯರಲ್ಲಿ ತುಂಬ ಜನ 22ಕ್ಕೇ ಸ್ಪೈಕ್ಸ್ ಬಿಚ್ಚಿಡುತ್ತಾರೆ. ಯಾಕೆ? ನಾನು ನೋಡಿದ ಮಟ್ಟಿಗೆ ಬಹುತೇಕ ಕಥೆಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಓಡಲಿಕ್ಕಾಗದ ಒಂದು ವರ್ಷ ಬರುತ್ತದೆ. ಮಂಡಿ ನೋವಿನ ವರ್ಷ, ಡಿಗ್ರಿ ಪರೀಕ್ಷೆಯ ವರ್ಷ, ಮದುವೆಯ ವರ್ಷ, ಹೆರಿಗೆಯ ವರ್ಷ. ಆ ವರ್ಷ ಅವಳ ಖರ್ಚು ನೋಡಿಕೊಳ್ಳುವವರು ಯಾರು, ವಾಪಸ್ ಬಂದಾಗ ಅವಳಿಗೆ ಜಾಗ ಇಟ್ಟಿರುವವರು ಯಾರು? ಅದಕ್ಕೆ ಉತ್ತರ ಇದ್ದವರು ಮೂವತ್ತು ದಾಟಿಯೂ ಓಡಿದ್ದಾರೆ. ಇಲ್ಲದವರು ಎಷ್ಟೇ ಪ್ರತಿಭೆ ಇದ್ದರೂ ನಿಂತಿದ್ದಾರೆ.

ವಯಸ್ಸಿನ ಮಾತು ಮೊದಲು ಮುಗಿಸೋಣ. ಜಮೈಕಾದ ಶೆಲ್ಲಿ ಆನ್ ಫ್ರೇಸರ್ ಪ್ರೈಸ್ 2008ರ ಬೀಜಿಂಗ್‌ನಲ್ಲಿ 100 ಮೀಟರ್ ಚಿನ್ನ ಗೆದ್ದಾಗ ಅವರಿಗೆ 21 ವರ್ಷ. ಅವರ ಜೀವನದ ಅತಿ ವೇಗದ ಓಟ, 10.60 ಸೆಕೆಂಡ್, ಬಂದದ್ದು 2021ರಲ್ಲಿ, 34ನೇ ವಯಸ್ಸಿನಲ್ಲಿ. ನಡುವೆ 2017ರಲ್ಲಿ ಮಗನಿಗೆ ಜನ್ಮ ಕೊಟ್ಟಿದ್ದರು. ಅದೇ ದೇಶದ ಮರ್ಲೀನ್ ಓಟಿ 1980ರ ಮಾಸ್ಕೋದಿಂದ 2004ರ ಅಥೆನ್ಸ್‌ವರೆಗೆ ಏಳು ಒಲಿಂಪಿಕ್ಸ್ ಓಡಿದರು, ಕೊನೆಯದು ಸ್ಲೊವೇನಿಯಾ ಪರವಾಗಿ. ಎಸೆತದವರ ಲೆಕ್ಕವೇ ಬೇರೆ, ಅಲ್ಲಿ ಮೂವತ್ತು ದಾಟಿದ ಮೇಲೂ ಒಳ್ಳೆಯ ವರ್ಷಗಳಿರುತ್ತವೆ. ಜೆಕ್ ದೇಶದ ಬಾರ್ಬೋರಾ ಷ್ಪೊಟಾಕೊವಾ 36ನೇ ವಯಸ್ಸಿನಲ್ಲಿ ಜಾವೆಲಿನ್ ವಿಶ್ವ ಚಾಂಪಿಯನ್ ಆದರು. ನಮ್ಮ ಅನು ರಾಣಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 62.92 ಮೀಟರ್ ಎಸೆದು ಚಿನ್ನ ಗೆದ್ದಾಗ ಅವರಿಗೆ 31.

ಇವರೆಲ್ಲ ಅಪರೂಪದವರು, ಅದನ್ನು ಮುಚ್ಚಿಡುವುದಿಲ್ಲ. ಆದರೆ 23ಕ್ಕೆ ದೇಹ ಮುಗಿಯುತ್ತದೆ ಅನ್ನುವ ಮಾತು ಎಲ್ಲಿಂದ ಬಂತೋ ನನಗಂತೂ ಅರ್ಥವಾಗಿಲ್ಲ. ಆ ವಯಸ್ಸಿಗೆ ಓಟಗಾರ್ತಿ ಇನ್ನೂ ಬಲಿಯುತ್ತಿರುತ್ತಾಳೆ.

ಈಗ ಆ 57.9ರ ವಿಷಯ. ನಿಮಗಿಂತ ಅವಳಿಗೇ ಅದರ ಚಿಂತೆ ಜಾಸ್ತಿ ಇರುತ್ತದೆ. 15ರಿಂದ 18ರ ನಡುವೆ ಹುಡುಗರಿಗೆ ಟೈಮಿಂಗ್ ತಾನಾಗಿಯೇ ಇಳಿಯುತ್ತದೆ, ಹಾರ್ಮೋನು ಅವರ ಕಡೆ ಇರುತ್ತದೆ. ಹುಡುಗಿಯರಿಗೆ ಹಾಗಲ್ಲ. ಸೊಂಟ ಅಗಲವಾಗುತ್ತದೆ, ಮೈಯಲ್ಲಿ ಸ್ವಲ್ಪ ಕೊಬ್ಬು ಸೇರುತ್ತದೆ, ಕಾಲಿನ ಹಿಡಿತ ಬದಲಾಗುತ್ತದೆ. ಒಂದೆರಡು ವರ್ಷ ಟೈಮಿಂಗ್ ನಿಲ್ಲುವುದು, ಒಂದು ಸೆಕೆಂಡ್ ಹಿಂದೆ ಹೋಗುವುದು ಮಾಮೂಲು. ಹೊಸ ಮೈಗೆ ತಕ್ಕ ಶಕ್ತಿ ಬರಲು ಟೈಮ್ ಬೇಕು. ಅಷ್ಟು ತಾಳ್ಮೆ ಇಲ್ಲದ ಕೋಚ್ ಈ ಹಂತದಲ್ಲಿ ಮಾಡುವ ಮೊದಲ ಕೆಲಸ ‘ತೂಕ ಇಳಿಸು’ ಅನ್ನುವುದು. ಅಲ್ಲಿಂದ ತೊಂದರೆ ಶುರು.

ಅಮೆರಿಕದ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿನಲ್ಲಿ, ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದ್ದಳು. ಆಮೇಲೆ ದೊಡ್ಡ ಕಂಪನಿಯ ಹಣದ ತರಬೇತಿ ಗುಂಪು, ಹೆಸರಾಂತ ಕೋಚ್, ದಿನಾ ತೂಕದ ಮಾತು. ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಅಂತ 2019ರಲ್ಲಿ ಆಕೆಯೇ ಬಹಿರಂಗವಾಗಿ ಹೇಳಿದಳು. ಅಷ್ಟು ಹಣ, ಅಷ್ಟು ವಿಜ್ಞಾನ ಇದ್ದ ಜಾಗದಲ್ಲೇ ಹೀಗಾಗಿದ್ದರೆ ತಾಲ್ಲೂಕು ಮೈದಾನದಲ್ಲಿ ಆಗುವುದಿಲ್ಲವೇ?

ಹಾಗಾಗಿ ಕೋಚ್ ಕೇಳುವುದಿಲ್ಲ, ತಾಯಿಯಾಗಿ ನೀವೇ ಕೇಳಬೇಕಾದದ್ದು ಒಂದಿದೆ: ಮುಟ್ಟು ಸರಿಯಾಗಿ ಆಗುತ್ತಿದೆಯಾ? ಮೂರು ತಿಂಗಳು ಆಗದೇ ಇದ್ದರೆ ಡಾಕ್ಟರಿಗೆ ತೋರಿಸಿ. ‘ಪ್ರಾಕ್ಟೀಸ್ ಜೋರಾಗಿದೆ, ಅದಕ್ಕೇ ನಿಂತಿದೆ, ಒಳ್ಳೆಯ ಲಕ್ಷಣ’ ಅನ್ನುವ ಮಾತು ನಮ್ಮ ಮೈದಾನಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ತಪ್ಪು. ಮಾಡುವ ಕೆಲಸಕ್ಕೆ ತಕ್ಕಷ್ಟು ಊಟ ಹೋಗುತ್ತಿಲ್ಲ, ದೇಹ ಒಂದೊಂದೇ ಅಂಗಡಿ ಮುಚ್ಚುತ್ತಿದೆ ಅಂತ ಅರ್ಥ. ಇನ್ನು ರಕ್ತ ಪರೀಕ್ಷೆ. ಬರೀ ಹಿಮೋಗ್ಲೋಬಿನ್ ನೋಡಿ ಸುಮ್ಮನಾಗಬೇಡಿ, ಫೆರಿಟಿನ್ ಅಂತ ಇನ್ನೊಂದು ಇದೆ, ಅದನ್ನೂ ಮಾಡಿಸಿ. ಹಿಮೋಗ್ಲೋಬಿನ್ 12.4 ಇರುವ ಹುಡುಗಿಯ ರಿಪೋರ್ಟಿನಲ್ಲಿ ಫೆರಿಟಿನ್ 9 ಇರುವುದು ನಮಗೆ ಹೊಸದಲ್ಲ. ಹಿಮೋಗ್ಲೋಬಿನ್ ನೋಡಿದ ಲ್ಯಾಬಿನವರು ‘ನಾರ್ಮಲ್’ ಅನ್ನುತ್ತಾರೆ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿ ಅಂತಲೇ ಲೆಕ್ಕ. ಅಂಥ ಹುಡುಗಿ ಮೊದಲ 200 ಮೀಟರ್ 27 ಸೆಕೆಂಡಿನಲ್ಲಿ ಓಡಿ, 300ರ ಹತ್ತಿರ ಬಂದಾಗ ಕಾಲು ಎತ್ತಲಾರದೆ, ಮುಂದಿನ 200ಕ್ಕೆ 31 ತೆಗೆದುಕೊಳ್ಳುತ್ತಾಳೆ. ಕೋಚ್ ‘ದಮ್ಮಿಲ್ಲ, ಇನ್ನೂ ಓಡು’ ಅನ್ನುತ್ತಾರೆ. ನಿಮ್ಮ ಮಗಳಿಗೆ ಅದೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಪರೀಕ್ಷೆ ಮಾಡಿಸಿ ಅಷ್ಟೆ, ಮಾತ್ರೆಯನ್ನು ಡಾಕ್ಟರ್ ಹೇಳಿದ ಮೇಲೆಯೇ ಕೊಡಿ. ಜೊತೆಗೆ 400 ಓಡುವಾಗ ಮೊದಲ 200, ಮುಂದಿನ 200ರ ಟೈಮಿಂಗ್ ಬೇರೆಬೇರೆ ಬರೆದಿಡಲು ಕೋಚ್‌ಗೆ ಹೇಳಿ. ಬರೀ 57.9 ಅಂದರೆ ಏನೂ ತಿಳಿಯುವುದಿಲ್ಲ. 27 ಮತ್ತು 31 ಒಂದು ಕಥೆ ಹೇಳುತ್ತವೆ, 28.3 ಮತ್ತು 29.6 ಇನ್ನೊಂದು.

ಜೂನಿಯರ್ ಪದಕದ ಬಗ್ಗೆಯೂ ಒಂದು ಮಾತು. ಅಸ್ಸಾಮಿನ ಹಿಮಾ ದಾಸ್ 2018ರ ಜುಲೈಯಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 20 ವರ್ಷದೊಳಗಿನವರ 400 ಮೀಟರ್ ವಿಶ್ವ ಚಾಂಪಿಯನ್ ಆದಾಗ ದೇಶವೇ ಕುಣಿಯಿತು. ಅವಳಿಗೆ ಆಗ 18. ಮುಂದಿನ ತಿಂಗಳೇ ಜಕಾರ್ತಾದಲ್ಲಿ 50.79ರ ರಾಷ್ಟ್ರೀಯ ದಾಖಲೆ. ಆಮೇಲೆ ಬೆನ್ನು ನೋವು, 400 ಬಿಟ್ಟು 100-200ಕ್ಕೆ ಬದಲಾವಣೆ. ಆ 50.79 ಅವಳಿಂದ ಮತ್ತೆ ಬರಲಿಲ್ಲ. ಅದರಲ್ಲಿ ಅವಳ ತಪ್ಪು ಹುಡುಕುವುದು ಬೇಡ. 18ಕ್ಕೆ ಏನು ಬಂತು ಅನ್ನುವುದು 25ಕ್ಕೆ ಏನು ಬರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಅಲ್ಲ ಅಂತ ತಿಳಿದರೆ ಸಾಕು. ತಿರುಗಿಸಿ ನೋಡಿದರೆ ನಿಮಗೆ ಇದು ಸಮಾಧಾನದ ಸುದ್ದಿ: 17ಕ್ಕೆ 57.9 ಓಡಿದವಳ ಬಾಗಿಲು ಮುಚ್ಚಿಲ್ಲ. ಉತ್ತರ ಪ್ರದೇಶದ ಪಾರುಲ್ ಚೌಧರಿ ದೊಡ್ಡ ಹೆಸರಾದದ್ದು 28ಕ್ಕೆ.

ಪಾರುಲ್ ಓಟವನ್ನು ಯೂಟ್ಯೂಬಿನಲ್ಲಿ ಮಗಳ ಜೊತೆ ಕೂತು ನೋಡಿ. 2023ರ ಹಾಂಗ್‌ಝೌ, 5000 ಮೀಟರ್. ಹಿಂದಿನ ದಿನ ತಾನೇ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಅಡೆತಡೆ ಹಾರುತ್ತಾ ಓಡುವ ಓಟದಲ್ಲಿ, ಬೆಳ್ಳಿ ಗೆದ್ದು ಕಾಲು ಸೋತಿದೆ. ಕೊನೆಯ ನೇರ ಓಟಕ್ಕೆ ಬಂದಾಗ ಜಪಾನಿನ ಹಿರೊನಾಕಾ ಮುಂದಿದ್ದಾಳೆ. ಗೆರೆ ಇನ್ನು ಕೆಲವೇ ಮೀಟರ್ ಇರುವಾಗ ಪಾರುಲ್ ಪಕ್ಕದಿಂದ ನುಗ್ಗಿ ಹೋಗುತ್ತಾಳೆ. ಆ ಕ್ಷಣ ಏನು ಯೋಚಿಸುತ್ತಿದ್ದಿರಿ ಅಂತ ಆಮೇಲೆ ಕೇಳಿದಾಗ ಆಕೆ ಹೇಳಿದ್ದು ಏನು ಗೊತ್ತಾ? ಚಿನ್ನ ಗೆದ್ದರೆ ನಮ್ಮ ಉತ್ತರ ಪ್ರದೇಶ ಪೊಲೀಸ್‌ನಲ್ಲಿ ಡಿಎಸ್‌ಪಿ ಮಾಡುತ್ತಾರೆ ಅನ್ನುವುದು ತಲೆಯಲ್ಲಿತ್ತು ಅಂತ. ಕೆಲವರು ನಕ್ಕರು. ನನಗೆ ಅದು ಆ ವರ್ಷ ಕೇಳಿದ ಅತ್ಯಂತ ಪ್ರಾಮಾಣಿಕ ಮಾತು. ನಮ್ಮ ದೇಶದಲ್ಲಿ ಓಟಗಾರ್ತಿಯ ಬದುಕು ನಿಂತಿರುವುದೇ ಆ ನೌಕರಿಯ ಮೇಲೆ.

ಹೊರದೇಶದಲ್ಲಿ ಶೂ ಕಂಪನಿಯ ಒಪ್ಪಂದವೇ ಸಂಬಳ. ಓಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಅಮೆರಿಕದ ಆಲಿಸನ್ ಫೀಲಿಕ್ಸ್ 2019ರ ಹೊತ್ತಿಗೇ ಆರು ಒಲಿಂಪಿಕ್ ಚಿನ್ನ ಗೆದ್ದಿದ್ದವರು. ಅಂಥವರಿಗೇ ನೈಕಿ ಕಂಪನಿ ಹೊಸ ಒಪ್ಪಂದದಲ್ಲಿ 70 ಪರ್ಸೆಂಟ್ ಕಡಿಮೆ ಕೊಡಲು ಹೊರಟಿತ್ತು, ಹೆರಿಗೆಯಾದ ತಿಂಗಳುಗಳಲ್ಲಿ ಚೆನ್ನಾಗಿ ಓಡದಿದ್ದರೂ ದುಡ್ಡು ಕಡಿತ ಮಾಡಬಾರದು ಅಂತ ಕೇಳಿದ್ದಕ್ಕೆ ಒಪ್ಪಲಿಲ್ಲ ಅಂತ 2019ರಲ್ಲಿ ಅವರು ಬರೆದರು. 2018ರ ನವೆಂಬರಿನಲ್ಲಿ ಬಿ.ಪಿ. ಏರಿ, ತುರ್ತು ಆಪರೇಷನ್ ಆಗಿ, 32 ವಾರಕ್ಕೇ ಮಗಳು ಹುಟ್ಟಿದ್ದಳು. ಗಲಾಟೆ ಆದ ಮೇಲೆ ಕಂಪನಿ ನಿಯಮ ಬದಲಿಸಿತು, ಬಸುರಿ-ಬಾಣಂತಿ ಕಾಲ ಸೇರಿ 18 ತಿಂಗಳು ದುಡ್ಡು ಕಡಿತ ಇಲ್ಲ ಅಂತ. ಫೀಲಿಕ್ಸ್ ಬೇರೆ ಕಂಪನಿಗೆ ಹೋಗಿ, ಟೋಕಿಯೊದಲ್ಲಿ 35ನೇ ವಯಸ್ಸಿಗೆ 400 ಮೀಟರ್ ಕಂಚು, ರಿಲೇ ಚಿನ್ನ ಎರಡೂ ಗೆದ್ದರು.

ನಮ್ಮಲ್ಲಿ ಆ ಮಟ್ಟದ ಶೂ ಒಪ್ಪಂದ ಇರುವ ಹುಡುಗಿಯರನ್ನು ಬೆರಳಲ್ಲಿ ಎಣಿಸಬಹುದು. ನಮ್ಮವರಿಗೆ ಇರುವುದು ರೈಲ್ವೆ, ಪೊಲೀಸ್, ಒಎನ್‌ಜಿಸಿ, ಆಹಾರ ನಿಗಮ. ಪಿ.ಟಿ. ಉಷಾ ರೈಲ್ವೆಯಲ್ಲಿದ್ದರು. 800 ಮೀಟರಿನ ಶೈನಿ ವಿಲ್ಸನ್ ಆಹಾರ ನಿಗಮದಲ್ಲಿದ್ದರು. 400 ಮೀಟರ್ ಓಡಿದ ಕೊಡಗಿನ ಎಂ.ಆರ್. ಪೂವಮ್ಮ ಒಎನ್‌ಜಿಸಿ. ‘ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿದ ಕೂಡಲೇ ಓಟ ಬಿಡ್ತಾರೆ’ ಅಂತ ಜನ ಬೈಯುತ್ತಾರೆ. ಕೆಲವರು ಬಿಡುತ್ತಾರೆ, ನಿಜ. ಆದರೆ ಅದೇ ನೌಕರಿ ಓಡದ ವರ್ಷಕ್ಕೆ ಸಂಬಳ ಕೊಡುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ 180 ದಿನ ಹೆರಿಗೆ ರಜೆ, ಅದರ ಮೇಲೆ ಮಕ್ಕಳ ಆರೈಕೆಗೆ ಒಟ್ಟು 730 ದಿನದವರೆಗೆ ರಜೆ. ಫೀಲಿಕ್ಸ್ ಅಂಥವರೇ ಹೋರಾಡಿ ಪಡೆಯಬೇಕಾದ ರಕ್ಷಣೆ ನಮ್ಮ ರೈಲ್ವೆಯ ಒಬ್ಬ ಕ್ಲರ್ಕ್ ಓಟಗಾರ್ತಿಗೆ ಮೊದಲೇ ಇದೆ. ಇದನ್ನು ನಾವು ಜಂಬದಿಂದ ಹೇಳಿಕೊಳ್ಳುವುದೇ ಇಲ್ಲ, ಅಲ್ವಾ?

ಉಷಾ 1991ರಲ್ಲಿ ಮದುವೆಯಾಗಿ ಓಟ ಬಿಟ್ಟರು, ಮಗ ಹುಟ್ಟಿದ, ಮತ್ತೆ ಬಂದರು. 1998ರ ಫುಕುವೋಕಾ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 34ನೇ ವಯಸ್ಸಿಗೆ 200, 400 ಎರಡರಲ್ಲೂ ಕಂಚು, ಜೊತೆಗೆ ರಿಲೇ ಪದಕಗಳು. ಶೈನಿ 1995ರಲ್ಲಿ ಮದ್ರಾಸಿನಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಗೇಮ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 59.85 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯಳಾದದ್ದು ತಾಯಿಯಾದ ಮೇಲೆ. ನಮ್ಮ ಕರ್ನಾಟಕದವರನ್ನೇ ನೋಡಿ. ಕೊಡಗಿನ ಪ್ರಮೀಳಾ ಅಯ್ಯಪ್ಪ ಹೆಪ್ಟಥ್ಲಾನ್‌ನಲ್ಲಿ, ಅಂದರೆ ಎರಡು ದಿನದಲ್ಲಿ ಏಳು ಸ್ಪರ್ಧೆ ಮುಗಿಸುವ ಆ ಕಷ್ಟದ ಆಟದಲ್ಲಿ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ ಕಂಚು ಗೆದ್ದಾಗ ಮನೆಯಲ್ಲಿ ಪುಟ್ಟ ಮಗಳಿದ್ದಳು. ಎತ್ತರ ಜಿಗಿತದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ಲಂಡನ್ ಒಲಿಂಪಿಕ್ಸ್‌ಗೆ ಹೋದದ್ದೂ ತಾಯಿಯಾಗಿಯೇ. ಇಬ್ಬರ ಹೆಣ್ಣುಮಕ್ಕಳೂ ಈಗ ಟ್ರ್ಯಾಕಿಗೆ ಇಳಿದಿದ್ದಾರೆ. ‘ಮದುವೆಯಾದರೆ ಮುಗೀತು’ ಅನ್ನುವ ನಿಮ್ಮ ಮನೆಯ ಹಿರಿಯರಿಗೆ ಈ ಎರಡು ಹೆಸರು ಹೇಳಿ.

ಆದರೆ ಒಂದು ಎಚ್ಚರ. ಪ್ರಮೀಳಾ, ಸಹನಾ ಇಬ್ಬರ ಗಂಡಂದಿರೂ ಕ್ರೀಡೆಯವರೇ. ಅಂಜು ಬಾಬಿ ಜಾರ್ಜ್ 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉದ್ದ ಜಿಗಿತದ ಕಂಚು ಗೆದ್ದಾಗ ಅವರ ಕೋಚ್ ಅವರ ಗಂಡನೇ. ಡಿಸ್ಕಸ್‌ನ ಕೃಷ್ಣಾ ಪೂನಿಯಾ ಕೂಡ ಹಾಗೇ. ಇದು ಕಾಕತಾಳೀಯ ಅಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಟ್ರ್ಯಾಕಿಗೆ ಹೋಗುವ ಸೊಸೆಗೆ ‘ತಿಂಡಿ ಯಾರು ಮಾಡ್ತಾರೆ’ ಅಂತ ಕೇಳದ ಮನೆ ಸಿಗುವುದು ಕಷ್ಟ. ಮಗಳಿಗೆ ಕ್ರೀಡಾಪಟುವನ್ನೇ ಹುಡುಕಿ ಅಂತಲ್ಲ ನಾನು ಹೇಳುತ್ತಿರುವುದು. ಮದುವೆಯ ಮಾತು ಬಂದಾಗ ಸಂಬಳದಷ್ಟೇ ಸ್ಪಷ್ಟವಾಗಿ ಪ್ರಾಕ್ಟೀಸಿನ ಮಾತೂ ಆಗಲಿ. ಅದಕ್ಕಿನ್ನೂ ಬೇಕಾದಷ್ಟು ವರ್ಷ ಇದೆ ಬಿಡಿ.

ಓದಿನ ವಿಷಯಕ್ಕೆ ಬರುತ್ತೇನೆ. ಓದು ಬಿಡಿಸುವ ಪ್ರಶ್ನೆಯೇ ಇಲ್ಲ, ನೌಕರಿಗೆ ಅದೂ ಬೇಕು. ಕಾಲೇಜು ಮಾತ್ರ ನೋಡಿ ಆರಿಸಿ. ಪಿಯುಸಿ ಆದ ಮೇಲೆ ಮೂಡಬಿದಿರೆಯ ಆಳ್ವಾಸ್‌ನಂಥ, ಅಥ್ಲೆಟಿಕ್ಸ್‌ಗೆ ಹೆಸರಾದ ಕಾಲೇಜು ಒಂದು ದಾರಿ. ಬೆಂಗಳೂರಿನ ವಿದ್ಯಾನಗರದ ಕ್ರೀಡಾ ವಸತಿ ನಿಲಯ, ಜ್ಞಾನಭಾರತಿ ಹತ್ತಿರದ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ ಇನ್ನೊಂದು. ಎಲ್ಲಿಗೇ ಸೇರಿದರೂ ಎರಡು ವಿಷಯ ವಿಚಾರಿಸಿ: ಹುಡುಗಿಗೆ ಗಾಯವಾಗಿ ಆರು ತಿಂಗಳು ಓಡದಿದ್ದರೆ ಸೀಟು ಇರುತ್ತಾ, ಹಾಸ್ಟೆಲ್ ಇರುತ್ತಾ? ‘ನೋಡೋಣ’ ಅಂದರೆ ಇಲ್ಲ ಅಂತ ಅರ್ಥ. ಎರಡನೆಯದು, ಮೂರು ವರ್ಷದ ಹಿಂದೆ ಸೇರಿದ ಹುಡುಗಿಯರಲ್ಲಿ ಎಷ್ಟು ಜನ ಇನ್ನೂ ಓಡುತ್ತಿದ್ದಾರೆ? ಗೋಡೆಯ ಮೇಲಿನ ಫೋಟೋಗಳಿಗಿಂತ ಇದು ಮುಖ್ಯ.

ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟವನ್ನು ಹಗುರವಾಗಿ ನೋಡಬೇಡಿ. ಟಿವಿಯಲ್ಲಿ ಬರುವುದಿಲ್ಲ, ಆದರೆ ಅಲ್ಲಿನ ಮೊದಲ ಮೂರು ಸ್ಥಾನ ರೈಲ್ವೆಯಂಥ ಕಡೆ ಕ್ರೀಡಾ ಕೋಟಾಕ್ಕೆ ಲೆಕ್ಕಕ್ಕೆ ಬರುತ್ತದೆ. ನಮ್ಮ ಹುಡುಗಿಯರ ಮೊದಲ ನೌಕರಿ ಹುಟ್ಟುವುದು ಬಹಳ ಸಲ ಅಲ್ಲಿಯೇ. ಖೇಲೋ ಇಂಡಿಯಾ ಆಯ್ಕೆಯಾದರೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಸಿಗುತ್ತದೆ. ಒಲಿಂಪಿಕ್ ಮಟ್ಟದ ಟಾಪ್ಸ್ ಯೋಜನೆಯಲ್ಲಿ 50,000, ಅದರ ಕೆಳಗಿನ ಹಂತಕ್ಕೆ 25,000. ಒಳ್ಳೆಯದೇ, ಆದರೆ ಟೈಮಿಂಗ್ ಬಿದ್ದರೆ ಪಟ್ಟಿಯಿಂದ ಹೆಸರೂ ಬೀಳುತ್ತದೆ. ಅದನ್ನು ನಂಬಿ ಸಾಲ ಮಾಡಬೇಡಿ.

ಕೇಳದಿದ್ದರೂ ಒಂದು ಹೇಳಲೇಬೇಕು. ಪುಡಿ, ಮಾತ್ರೆ, ಇಂಜೆಕ್ಷನ್. ಟೈಮಿಂಗ್ ನಿಂತ ಹುಡುಗಿಯ ಹತ್ತಿರ ಯಾರಾದರೂ ಬಂದೇ ಬರುತ್ತಾರೆ, ‘ಇದು ಬರೀ ವಿಟಮಿನ್’ ಅಂತ. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್‌ನ ರಿಲೇ ಚಿನ್ನ, ಗುವಾಂಗ್‌ಝೌನಲ್ಲಿ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದು ಮನೆಮಾತಾದವರು. 2011ರಲ್ಲಿ ಅವರ ಮತ್ತು ಕೆಲವು ಜೊತೆ ಓಟಗಾರ್ತಿಯರ ಡೋಪಿಂಗ್ ಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯ ಮಾತ್ರೆಯಿಂದ ಬಂತು ಅಂತ ಆ ಹುಡುಗಿಯರು ವಾದಿಸಿದರು. ಆದರೂ ಎರಡು ವರ್ಷ ನಿಷೇಧ ತಪ್ಪಲಿಲ್ಲ, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಯಾರು ಕೊಟ್ಟರು ಅನ್ನುವುದು ಆಮೇಲಿನ ಮಾತು, ಮೈಯಲ್ಲಿ ಸಿಕ್ಕರೆ ಹೊಣೆ ಓಡಿದವಳದ್ದೇ. ಕೆಮ್ಮಿನ ಸಿರಪ್ ಕೊಡುವಾಗಲೂ ಡಾಕ್ಟರಿಗೆ ‘ಇವಳು ಅಥ್ಲೀಟ್’ ಅಂತ ಹೇಳಿ.

ಇನ್ನು ಹರ್ಡಲ್ಸ್. ಟೈಮಿಂಗ್ ನಿಂತಿದೆ ಅಂತ ತಪ್ಪಿಸಿಕೊಳ್ಳಲು ಬದಲಾಗುವುದಾದರೆ ಬೇಡ, ಅಲ್ಲೂ ಅದೇ ಕಾಲು, ಅದೇ ದಮ್ಮು. ಆದರೆ ಕೋಚ್ ಹೇಳಿದ್ದರಲ್ಲಿ ಹುರುಳಿದೆ. 1984ರ ಲಾಸ್ ಏಂಜಲೀಸ್‌ನಲ್ಲಿ ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಓಟ ಇದೇ, 55.42. ಆ ಟೈಮಿಂಗನ್ನು ಇನ್ನೊಬ್ಬ ಭಾರತೀಯಳು, ವಿದ್ಯಾ ರಾಮ್‌ರಾಜ್, ಸರಿಗಟ್ಟಿದ್ದು 2023ರಲ್ಲಿ. 39 ವರ್ಷ! 400 ಮೀಟರಿನಲ್ಲಿ ರಿಲೇ ತಂಡದ ಆಸೆಗೆ ಹುಡುಗಿಯರು ಸಾಲುಗಟ್ಟಿ ನಿಂತಿರುತ್ತಾರೆ, ಹರ್ಡಲ್ಸ್ ಕಡೆ ಅಷ್ಟು ನೂಕುನುಗ್ಗಲು ಇಲ್ಲ.

ಹತ್ತು ಹರ್ಡಲ್, ಎತ್ತರ 76.2 ಸೆಂಟಿಮೀಟರ್. ಮೊದಲನೆಯದಕ್ಕೆ 45 ಮೀಟರ್, ಆಮೇಲೆ 35 ಮೀಟರಿಗೊಂದು, ಕೊನೆಗೆ 40 ಮೀಟರ್ ಬರೀ ಓಟ. ಆ 35 ಮೀಟರನ್ನು ದೊಡ್ಡ ಮಟ್ಟದವರು 15 ಹೆಜ್ಜೆಯಲ್ಲಿ ಮುಗಿಸುತ್ತಾರೆ. ಕಲಿಯುವ ಹುಡುಗಿಗೆ 17 ಅಥವಾ 19 ಬೇಕು. ಸುಸ್ತಾಗಿ ಹೆಜ್ಜೆ ಚಿಕ್ಕದಾದಾಗ 18 ಆಗಿಬಿಟ್ಟರೆ ಇನ್ನೊಂದು ಕಾಲಿನಿಂದ ಹಾರಬೇಕು. ಒಂದೇ ಕಾಲು ಕಲಿತವಳು ಅಲ್ಲಿ ತಡವರಿಸಿ ಮುಗ್ಗರಿಸುತ್ತಾಳೆ. ಹಾಗಾಗಿ ಮಳೆಗಾಲ ಮುಗಿಯುವವರೆಗೆ ಕಡಿಮೆ ಎತ್ತರದ ಹರ್ಡಲ್ ಇಟ್ಟು ಎರಡೂ ಕಾಲಿನಲ್ಲಿ ಹಾರುವುದನ್ನು ಕಲಿಸಲಿ. ಆ ಮೇಲೆ ಸೀಸನ್‌ನಲ್ಲಿ ಎರಡು ಮೂರು ಕೂಟದಲ್ಲಿ ಹರ್ಡಲ್ಸ್ ಓಡಲಿ, 400 ಬಿಡುವುದು ಬೇಡ. ಹರ್ಡಲ್ಸ್ ಟೈಮಿಂಗಿನಿಂದ 400ರ ಟೈಮಿಂಗ್ ಕಳೆಯಿರಿ. ವ್ಯತ್ಯಾಸ ನಾಲ್ಕೈದು ಸೆಕೆಂಡಿನೊಳಗೆ ಬಂದರೆ ಬದಲಾಗಲಿ. ಏಳೆಂಟು ಸೆಕೆಂಡ್ ಬಂದರೆ 400ರಲ್ಲೇ ಇರಲಿ, ಒಂದು ಸಲ 800 ಓಡಿಸಿ ನೋಡಿ ಅಂತ ಕೋಚ್‌ಗೆ ಹೇಳಿ.